ಗಿಡದ ಆ ಬದಿ

ಆಲ್ದೂರಿನಿಂದ ಎರಡು ಗುಡ್ಡ ಆಚೆಗಿರುವ ಕಾಫಿ ಎಸ್ಟೇಟಿನಲ್ಲಿ ಸುಕನ್ಯಾಳ ಕೆಲಸಕ್ಕೆ ಹೆಸರಿಟ್ಟವರು ಯಾರೂ ಇರಲಿಲ್ಲ. ಹಣ್ಣು ಕೊಯ್ಯುವಾಗ ಹಸಿರು ಕಾಯಿ ಕೀಳುವವಳಲ್ಲ, ಗಿಡದ ರೆಕ್ಕೆ, ಅಂದರೆ ಅಡ್ಡಗೊಂಬೆ, ಮುರಿಯುವವಳಲ್ಲ. ಅಂಥವಳು ಆ ಜನವರಿಯಲ್ಲಿ ಒಂದಿಡೀ ಸಾಲನ್ನು ಅರ್ಧ ಕೊಯ್ದು ಎದ್ದು ಬಂದಿದ್ದಳು. ಅರ್ಧ ಅಂದರೆ ಅರ್ಧ ದೂರ ಅಲ್ಲ. ಮೊದಲ ಗಿಡದಿಂದ ಕೊನೆಯ ಗಿಡದವರೆಗೆ ಪ್ರತಿಯೊಂದರ ಈ ಬದಿ ಬೋಳು, ಆ ಬದಿ ಕೆಂಪು. ನೋಡಿದವರಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

ಮೇಸ್ತ್ರಿ ಉಮೇಶ ಮೊದಲು ನಗಲು ಹೊರಟ. "ಏನು ಸುಕನ್ಯಕ್ಕಾ, ಅರ್ಧ ಗಿಡ ಮಂಗಗಳಿಗೆ ಮೀಸಲಾ?"

ಸುಕನ್ಯಾ ಚೀಲದ ಬಾಯಿ ಕಟ್ಟುತ್ತಲೇ ಹೇಳಿದಳು, "ಆ ಕಡೇದು ಅಕ್ಕ ಕೊಯ್ತಾಳಲ್ಲ ಮಾರಾಯ."

ಉಮೇಶನ ನಗು ಅಲ್ಲೇ ನಿಂತಿತು. ಅವಳ ಅಕ್ಕ ಜವರಮ್ಮ ಸತ್ತು ಎರಡು ತಿಂಗಳಾಗಿತ್ತು. ಹೊರಲು ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಆ ಎಸ್ಟೇಟಿನಲ್ಲಿ ಕೊಯ್ಲು ಜೋಡಿಯಲ್ಲೇ ನಡೆಯುತ್ತದೆ. ಒಂದು ಗಿಡಕ್ಕೆ ಇಬ್ಬರು, ಈ ಬದಿಗೊಬ್ಬರು, ಆ ಬದಿಗೊಬ್ಬರು. ಜಾವಳಿಯಿಂದ ಬಂದ ಈ ಅಕ್ಕತಂಗಿಯರು ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ, ಕೂಲಿಯಾಳುಗಳ ಒಂದೇ ಲೈನಿನ ಅಕ್ಕಪಕ್ಕದ ಮನೆಗಳಲ್ಲಿದ್ದು, ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಗಿಡದ ಎರಡು ಬದಿಗೆ ನಿಂತವರು. ಕೊಯ್ಯುವಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಲೆಗಳ ನಡುವೆ ಕೈ ಕಾಣುತ್ತದೆ, ಮಾತು ಕೇಳುತ್ತದೆ. ಅಕ್ಕನ ಬದಿಯಿಂದ ಅವಳು ಜಗಿಯುವ ಹೊಗೆಸೊಪ್ಪಿನ ಕಡ್ಡಿಪುಡಿಯ ಘಾಟೂ ಬರುತ್ತಿತ್ತು. ಎತ್ತರದ ರೆಕ್ಕೆ ತಂಗಿಗೆ ಎಟುಕದಿದ್ದರೆ ಅಕ್ಕ ಆ ಕಡೆಯಿಂದಲೇ ಬಗ್ಗಿಸಿ ಹಿಡಿಯುತ್ತಿದ್ದಳು. ಕೇಳಬೇಕಾಗಿಯೇ ಇರಲಿಲ್ಲ.

ಜವರಮ್ಮನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಪ್ರಶ್ನೆ ಓಡಾಡುತ್ತಿತ್ತು: "ಸ್ವಾತಿ ಉಂಡ್ಳೇನೇ?" ಸ್ವಾತಿ ಅವಳ ಒಬ್ಬಳೇ ಮಗಳು, ಚಿಕ್ಕಂದಿನಲ್ಲೇ ಅಪ್ಪನನ್ನು ಕಳಕೊಂಡವಳು. ಆಲ್ದೂರಿನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿರುವ, ಕೂತಲ್ಲೇ ಆರು ಅಕ್ಕಿರೊಟ್ಟಿ ಇಳಿಸುವ ಹುಡುಗಿ. ಅವಳು ಉಪವಾಸ ಬಿದ್ದದ್ದನ್ನು ಕಂಡವರಿಲ್ಲ. ಆದರೂ ಅಕ್ಕನಿಗೆ ಅದೇ ಚಿಂತೆ. ಜ್ವರದಲ್ಲಿ ಮಲಗಿದರೂ ಅದೇ, ತಂಗಿಯ ಜೊತೆ ಜಗಳವಾಡಿ ಮುಖ ಊದಿಸಿಕೊಂಡಿದ್ದರೂ ಅದೇ. ಜಗಳದ ನಡುವೆಯೇ ಒಂದು ಗಳಿಗೆ ನಿಲ್ಲಿಸಿ ಕೇಳಿ, ಉತ್ತರ ಸಿಕ್ಕ ಮೇಲೆ ಜಗಳ ಮುಂದುವರಿಸುತ್ತಿದ್ದಳು.

ಅವಳು ಸತ್ತದ್ದು ಕೊಯ್ಲು ಶುರುವಾದ ಹೊಸತರಲ್ಲಿ, ಒಂದು ಮಂಜಿನ ಬೆಳಿಗ್ಗೆ. ಆನೆ ಓಡಾಟದ ಸುದ್ದಿ ಈಗೆಲ್ಲ ಫೋನಿಗೇ ಬರುತ್ತದೆ. ಆದರೆ ಲೈನ್ ಮನೆಗಳಿರುವ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದಿಬ್ಬ ಹತ್ತುತ್ತಾ ಅಕ್ಕ ಮುಂದೆ, ತಂಗಿ ಹಿಂದೆ. "ಸ್ವಾತಿ ಡಬ್ಬಿ ತಗಂಡ್ಳೇನೇ?" ಎಂದು ಅಕ್ಕ ಹಿಂದೆ ತಿರುಗದೆ ಕೇಳಿದಳು. ಸುಕನ್ಯಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಸೆರಗಿನ ಗಂಟಿನಲ್ಲಿದ್ದ ಫೋನು ಟಣ್ಣೆಂದಿತು. ಅದೇ ಹೊತ್ತಿಗೆ ಮುಂದಿನ ಮಂಜು ಕಪ್ಪಾಗಿ ಎದ್ದು ನಿಂತಿತು. ಮೆಸೇಜನ್ನು ಯಾರೋ ಆಮೇಲೆ ಓದಿದರು.

ಕಾರ್ಯ ಮುಗಿಸಿ ಸುಕನ್ಯಾ ಕೆಲಸಕ್ಕೆ ಮರಳಿದಾಗ ಜೋಡಿಗೆ ಇನ್ನೊಬ್ಬರನ್ನು ಕೊಡಲು ಉಮೇಶ ಬಂದ. ಅವಳು ಬೇಡ ಅಂದಳು. ಎರಡೂ ಬದಿ ತಾನೇ ಕೊಯ್ಯುತ್ತೇನೆ ಅಂದಳು, ಹಾಗೇ ಕೊಯ್ದಳು ಕೂಡ. ಆದರೆ ದಿನ ಕಳೆದಂತೆ ಬೆರಳುಗಳ ಗೆಣ್ಣು ಊದತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಲೋಟ ಹಿಡಿಯಲಾಗದು. ಸಂಜೆಗೆ ಸಣ್ಣ ಜ್ವರ. ಊಟ ಸೇರದು. ಒಂದು ದಿನ ಹೀಗೇ ಜ್ವರದ ಮೈಯಲ್ಲಿ ಕೊಯ್ಯುತ್ತಿದ್ದಾಗ ಎಟುಕದ ರೆಕ್ಕೆಯೊಂದು ತಾನಾಗಿ ಬಗ್ಗಿತು.

ಅವಳು ಉಸಿರು ಬಿಗಿಹಿಡಿದು ನಿಂತಳು. ಕಡ್ಡಿಪುಡಿಯ ಘಾಟು. ಆ ಬದಿಯಲ್ಲಿ ಹಣ್ಣು ಚೀಲಕ್ಕೆ ಬೀಳುವ ಸದ್ದು. ಮೈ ಜುಮ್ಮೆಂದಿತು, ಹೆದರಿಕೆಗಿಂತ ಹೆಚ್ಚಾಗಿ ಸಂತೋಷಕ್ಕೆ. ಸುತ್ತಿ ಹೋಗಿ ನೋಡಲಿಲ್ಲ. ನೋಡಿದರೆ ಹೋಗಿಬಿಟ್ಟಾಳು ಅನ್ನುವ ಭಯ. ಆ ಬದಿ ಹಾಗೇ ಉಳಿದದ್ದು ಆಗಲೇ.

ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಬರುತ್ತಿದ್ದ ಅಕ್ಕ ಮೊದಲು ಸುಮ್ಮನಿರುತ್ತಿದ್ದಳು. ಆಮೇಲೆ ಮಾತಾಡತೊಡಗಿದಳು, ಅದೂ ಒಂದೇ ಮಾತು: "ಬಾ ಸುಕ್ಕೀ. ಸಾಲು ಮುಗೀತು." ಗಿಡದ ಬಳಿ ಮಾತ್ರ ಅಲ್ಲ, ಒಲೆಯ ಪಕ್ಕ, ಬಚ್ಚಲ ಹೊಗೆಯಲ್ಲಿ, ಕಂಬಳಿಯ ಆ ತುದಿಯಲ್ಲಿ. ಮೈ ಕೈ ಉರಿದಷ್ಟೂ ಕರೆ ಹತ್ತಿರವಾಗುತ್ತಿತ್ತು. ಸುಕನ್ಯಾ ಕೆಲಸ ಬಿಟ್ಟಳು, ಮಾತು ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ತಮ್ಮಯ್ಯ ಒಳ್ಳೆಯವನು, ಆದರೆ ಹೆದರುಪುಕ್ಕ. ಎಲ್ಲಿಗೋ ಹೋಗಿ ಕಪ್ಪು ದಾರಕ್ಕೆ ತಾಯಿತ ಪೋಣಿಸಿಕೊಂಡು ಬಂದ. ಊದಿದ ಮಣಿಕಟ್ಟಿಗೆ ದಾರ ಸಾಲಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಅವನು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ.

ಒಂದು ಬೆಳಿಗ್ಗೆ ಬಸ್ಸಿಗೆ ಹೊರಟಿದ್ದ ಸ್ವಾತಿ ಎಸ್ಟೇಟಿನ ಕೆರೆಯಲ್ಲಿ ಚಿಕ್ಕಮ್ಮನನ್ನು ಕಂಡಳು. ಸೊಂಟದವರೆಗೆ ನೀರು. ಸೀರೆ ತೇಲುತ್ತಿದೆ. ಸುಕನ್ಯಾ ಬಟ್ಟೆ ಒಗೆಯಲು ಬಂದವಳಂತೆ ಶಾಂತವಾಗಿ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಸ್ವಾತಿ ಬ್ಯಾಗು ಬಿಸುಟು ನೀರಿಗೆ ಹಾರಿ ಜುಟ್ಟು ಹಿಡಿದೇ ಎಳೆದು ತಂದಳು.

"ಅಕ್ಕ ಕರೀತಿದ್ಲು," ಅಂದಳು ಸುಕನ್ಯಾ, ದಡದಲ್ಲಿ ನಡುಗುತ್ತಾ.

ಸ್ವಾತಿ ಅವಳ ಕೆನ್ನೆಗೆ ಹೊಡೆಯಲು ಕೈ ಎತ್ತಿ, ಹೊಡೆಯಲಾಗದೆ ತಬ್ಬಿಕೊಂಡಳು. "ನಿಂಗೇ ಬರ್ತಾಳಾ ಚಿಕ್ಕಮ್ಮ? ನನ್ನ ಹೆತ್ತೋಳು ನಂಗೊಂದ್ಸಲನೂ ಬಂದಿಲ್ವಲ್ಲೇ!"

ಆ ವಾರವೇ ಅವಳನ್ನು ಚಿಕ್ಕಮಗಳೂರಿಗೆ ಕರೆದೊಯ್ದಳು. ಕೀಲುಗಳನ್ನು ನೋಡುವ ಡಾಕ್ಟರು ಶಾಲಿನಿ ಅಂತ, ಆತುರವಿಲ್ಲದ ಹೆಂಗಸು. ಎರಡೂ ಕೈಗಳನ್ನು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಕೆರೆಯ ಕತೆಯನ್ನೂ ಸತ್ತ ಅಕ್ಕ ಬಂದು ಕರೆಯುವ ಕತೆಯನ್ನೂ ಕೇಳಿಕೊಂಡರು. ಆಮೇಲೆ ಕೇಳಿದರು, "ನಿಮ್ಮ ಕಡೆ ಫೋನಿಗೆ ಆನೆ ಮೆಸೇಜು ಬರುತ್ತಲ್ಲ, ಬಂದಾಗ ಏನ್ಮಾಡ್ತೀರಿ?"

ಅಕ್ಕ ಹೇಗೆ ಸತ್ತಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸ್ವಾತಿ ಚಿಕ್ಕಮ್ಮನ ತೋಳನ್ನು ಬಿಗಿಯಾಗಿ ಹಿಡಿದಳು.

"ಬಾಗ್ಲು ಹಾಕ್ಕಂಡು ಒಳಗೆ ಕೂರ್ತೀವಿ," ಅಂದಳು ಸುಕನ್ಯಾ.

"ಕೆಲಸ?"

"ಹೋಗಲ್ಲ."

"ಊಟ, ಮಾತುಕತೆ?"

"ಯಾರಿಗೆ ಸೇರುತ್ತೆ ಅಮ್ಮಾ? ಜೀವ ಕೈಯಲ್ಲಿ ಹಿಡ್ಕಂಡಿರ್ತೀವಿ."

"ಮೈಯೊಳಗೂ ಹಾಗೇ," ಅಂದರು ಡಾಕ್ಟರು. "ರೋಗದ ಜೊತೆ ಹೊಡೆದಾಡೋ ಕಣಗಳು ಒಂದಕ್ಕೊಂದು ಸುದ್ದಿ ಕಳಿಸ್ತವೆ. ಸೈಟೊಕೈನ್ ಅಂತೀವಿ ನಾವು. ಆ ಸುದ್ದಿ ಮಿದುಳಿಗೂ ಮುಟ್ಟುತ್ತೆ. ಮುಟ್ಟಿದಾಗ ಮಿದುಳು ಬಾಗಿಲು ಹಾಕ್ಕೊಳ್ಳುತ್ತೆ. ತಿನ್ನಬೇಡ, ಯಾರ ಹತ್ರಾನೂ ಸೇರಬೇಡ, ಮೂಲೆಯಲ್ಲಿ ಬಿದ್ಕೋ ಅನ್ನುತ್ತೆ. ನೆಗಡಿ ಜ್ವರ ಬಂದಾಗ ಎಲ್ಲರಿಗೂ ಆಗೋದು ಇದೇ. ಆನೆ ಹೋದ ಮೇಲೆ ಸುದ್ದಿ ನಿಲ್ಲಬೇಕು. ನಿಮ್ಮಲ್ಲಿ ಆನೆ ಇಲ್ಲವೇ ಇಲ್ಲ. ಸುದ್ದಿ ಮಾತ್ರ ನಿಲ್ತಾ ಇಲ್ಲ. ಅದೇ ಕೀಲನ್ನೂ ಸುಡ್ತಿದೆ."

"ಹಂಗಾದ್ರೆ ಅಕ್ಕ?"

ಶಾಲಿನಿ ಕುರ್ಚಿಯನ್ನು ಸುಕನ್ಯಾಳ ಹತ್ತಿರಕ್ಕೆ ಎಳೆದುಕೊಂಡರು. "ಅದರಿಂದಲೇ ಬರ್ತಾರೆ ಅಂತ ನಾನು ಆಣೆ ಮಾಡಿ ಹೇಳಲಾರೆ. ದುಃಖ ಇದೆ, ನಿದ್ದೆ ಇಲ್ಲ, ಜ್ವರ ಇದೆ, ಅದರ ಮೇಲೆ ಇದು. ಮೊದಲು ಸುದ್ದಿ ನಿಲ್ಲಿಸೋಣ. ಸಾಯ್ಬೇಕು ಅನ್ನಿಸಿದ್ರೆ ಮಾತ್ರ ಮುಚ್ಚಿಡಬೇಡಿ, ಇವಳ ಹತ್ರ ಹೇಳಿ." ಮನಸ್ಸಿನ ಡಾಕ್ಟರ ಬಳಿಗೂ ಅಂದೇ ಕಳಿಸಿದರು.

ಮಾತ್ರೆಗಳಿಂದ ಸಾಕಷ್ಟು ಗುಣ ಕಾಣದಾಗ, ಮಳೆ ಹಿಡಿಯುವ ಹೊತ್ತಿಗೆ, ಹದಿನೈದು ದಿನಕ್ಕೊಂದು ಇಂಜೆಕ್ಷನ್ ಶುರುವಾಯಿತು. ಆ ಸುದ್ದಿಗಳಲ್ಲೊಂದನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ಮದ್ದು. ಪೆನ್ನಿನ ಹಾಗಿರುವ ಅದನ್ನು ಸ್ವಾತಿ ಐಸಿನ ಡಬ್ಬದಲ್ಲಿಟ್ಟು ತರುತ್ತಿದ್ದಳು. ಹೊಟ್ಟೆಯ ಚರ್ಮ ಎತ್ತಿ ಹಿಡಿದು ಚುಚ್ಚಿಕೊಳ್ಳುವುದನ್ನು ಕಲಿಸಿದಳು.

ನಂಬಿದರೆ ನಂಬಿ, ಆಷಾಢ ಮುಗಿಯುವುದರೊಳಗೆ ಸುಕನ್ಯಾ ತನ್ನ ಜಡೆ ತಾನು ಹೆಣೆದುಕೊಂಡಳು. ಹಸಿವಾಯಿತು. ತಮ್ಮಯ್ಯ ಕೆಸರಲ್ಲಿ ಜಾರಿ ಬಿದ್ದದ್ದು ಕಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. ಹೆಂಡತಿ ನಕ್ಕಳೆಂಬ ಸಂಭ್ರಮಕ್ಕೆ ಅವನು ಸೊಂಟದ ನೋವನ್ನೂ ಮರೆತ.

ಅಕ್ಕ ಬರುವುದು ಮಾತ್ರ ನಿಂತಿತು. ಮೊದಲ ದಿನಗಳಲ್ಲಿ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಆಮೇಲೆ ಆ ಖಾಲಿ ಅವಳನ್ನು ಕಿತ್ತು ತಿನ್ನತೊಡಗಿತು. ಕಳೆ ತೆಗೆಯಲು ಹೋದಾಗ ಗಿಡದ ಆ ಬದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಹನಿ ಬೀಳುವ ಸದ್ದು, ಅಷ್ಟೇ. ಅಕ್ಕ ಹೋದದ್ದೆಲ್ಲಿಗೆ? ತಾನೇ ಸೂಜಿ ಚುಚ್ಚಿಕೊಂಡು ಅವಳ ಮುಖಕ್ಕೆ ಬಾಗಿಲು ಬಡಿದೆನಲ್ಲ! ಈ ಮಳೆಯಲ್ಲಿ ಅವಳು ಎಲ್ಲಿ ನಿಂತಿದ್ದಾಳೋ, ಎಷ್ಟು ಹಸಿದಿದ್ದಾಳೋ. ಮೈ ಗುಣವಾದಷ್ಟೂ ಈ ಯೋಚನೆ ಗಟ್ಟಿಯಾಯಿತು.

ಮಳೆಗಾಲ ಇಳಿಯುವಾಗ ಹಿರಿಯರ ಹಬ್ಬ. ಸತ್ತವರಿಗೆ ಬಾಳೆ ಎಲೆಯಲ್ಲಿ ಅವರಿಗಿಷ್ಟವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾರೆ. ಜವರಮ್ಮನಿಗೆ ಇಡುವ ಮೊದಲ ಎಡೆ ಅದು. ಮೊದಲ ಎಡೆಗೇ ಬಾರದೆ ಹೋದರೆ ಆ ಜೀವ ವರ್ಷವಿಡೀ ಹಸಿದು ಅಲೆಯುತ್ತದೆ ಅಂತ ಸುಕನ್ಯಾ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು. ಇಂಜೆಕ್ಷನ್ ಇದ್ದರೆ ಅಕ್ಕ ಬರುವುದಿಲ್ಲ. ಲೆಕ್ಕ ಇಷ್ಟೇ ಅಂತ ಅವಳಿಗೆ ತೋರಿತು.

ಹಬ್ಬಕ್ಕೆ ಮೊದಲಿನ ಎರಡು ಇಂಜೆಕ್ಷನ್‌ಗಳನ್ನು ಅವಳು ಹಿತ್ತಲಿನ ಬಾಳೆದಿಂಡಿಗೆ ಚುಚ್ಚಿದಳು. "ಆಯ್ತಾ ಚಿಕ್ಕಮ್ಮ?" ಅಂತ ಸ್ವಾತಿ ಕೇಳಿದರೆ ಖಾಲಿ ಪೆನ್ನು ತೋರಿಸಿದಳು. ಜಗತ್ತಿನ ಯಾವ ಬಾಳೆಗಿಡಕ್ಕೂ ಅಂಥ ಉಪಚಾರ ಸಿಕ್ಕಿರಲಾರದು. ಅದಕ್ಕೆ ಕೀಲುನೋವು ಬರುವ ಸಂಭವವಂತೂ ಇರಲಿಲ್ಲ.

ಸುಕನ್ಯಾಳಿಗೆ ಬಂತು. ಮೊದಲು ಬೆರಳು, ಆಮೇಲೆ ಮೊಣಕಾಲು. ಅದರ ಹಿಂದೆಯೇ ಜ್ವರ, ಗೋಡೆ ಕಡೆಗೆ ತಿರುಗುವ ಮುಖ. ತಂಡಿ ಹವೆಗೆ ಅಂತ ಸುಳ್ಳು ಹೇಳಿದಳು. ಹಬ್ಬದ ದಿನ ಸ್ವಾತಿ ರಜೆ ಹಾಕಿ ಅವ್ವನಿಗೆ ಇಷ್ಟದ ಅಕ್ಕಿ ಕಡುಬು, ಏಡಿ ಸಾರು ತಾನೇ ಮಾಡಿದಳು. ಎಲೆ ಹಾಕಿ ಬಡಿಸಿದರು. ಪಕ್ಕದಲ್ಲಿ ಹಸಿರು ಸೀರೆ, ಕಡ್ಡಿಪುಡಿಯ ಡಬ್ಬಿ. ಹೊರಡಬೇಕೆನ್ನುವಾಗ ಸುಕನ್ಯಾ ಚಾಪೆಯಿಂದ ಏಳಲಾರದೆ ಹೋದಳು.

"ಒಳಗ್ಯಾರೂ ಇರಬಾರ್ದು," ಅಂತ ತಮ್ಮಯ್ಯ ಗೊಣಗಿದ.

"ನಾನೇನು ಹೊರಗಿನೋಳಾ? ಗೋಡೆ ಕಡೆ ತಿರುಗಿ ಮಲಗ್ತೀನಿ. ನೀವು ಹೋಗಿ," ಅಂದಳು.

ಬಾಗಿಲು ಮುಚ್ಚಿತು. ನಡುಮಧ್ಯಾಹ್ನವಾದರೂ ಒಳಗೆ ಕತ್ತಲು, ಹಂಚಿನ ಸಂದಿಯಿಂದ ಒಂದೇ ಒಂದು ಬೆಳಕಿನ ಕೋಲು. ಸುಕನ್ಯಾ ಗೋಡೆ ಕಡೆ ತಿರುಗಲಿಲ್ಲ. ಎಲೆಯ ಈ ಬದಿಗೆ ತೆವಳಿ ಬಂದು ಒರಗಿ ಕೂತಳು. ಕೀಲುಗಳು ಕೆಂಡವಾಗಿದ್ದವು. ಕಡ್ಡಿಪುಡಿಯ ಘಾಟು ಎದ್ದಿತು. ಡಬ್ಬಿಯ ಮುಚ್ಚಳ ಮುಚ್ಚಿಯೇ ಇತ್ತು.

ಎಲೆಯ ಆ ಬದಿಯಲ್ಲಿ ಅಕ್ಕ ಕೂತಿದ್ದಳು.

ಅದೇ ಮಾಸಿದ ಕೆಲಸದ ಅಂಗಿ, ಹಣ್ಣಿನ ಅಂಟಿಗೆ ಕಪ್ಪಾದ ಬೆರಳು. ಇಷ್ಟು ದಿನ ಕೈ ಮಾತ್ರ ಕಂಡವಳಿಗೆ ಈಗ ಮುಖವೂ ಕಂಡಿತು. ಸುಕನ್ಯಾ ಎಲೆಯ ಕಡೆ ಕೈ ತೋರಿದಳು. "ಉಣ್ಣೇ ಅಕ್ಕಾ. ಸ್ವಾತಿನೇ ಮಾಡಿದ್ದು."

ಅಕ್ಕ ಕಡುಬಿನ ಕಡೆ ನೋಡಲಿಲ್ಲ. "ಬಾ ಸುಕ್ಕೀ. ಸಾಲು ಮುಗೀತು."

ಹೋಗಿಬಿಡಲೇ ಅನ್ನಿಸಿತು. ಎಷ್ಟು ಸುಲಭ! ಈ ಉರಿ ಇಲ್ಲ, ಆ ಖಾಲಿ ಇಲ್ಲ. ಸುಕನ್ಯಾ ಕೈ ಚಾಚಿದಳು. ಚಾಚಿದ ಕೈ ಎಲೆಯ ಮೇಲೆ ಅರ್ಧ ದಾರಿಯಲ್ಲಿ ನಿಂತಿತು. ಹಳೆಯ ಅಭ್ಯಾಸದಿಂದ ಅವಳು ಇನ್ನೊಂದು ಮಾತಿಗೆ ಕಾಯುತ್ತಿದ್ದಳು. ಆ ಮಾತು ಬರಲಿಲ್ಲ.

ತಾನೇ ಹೇಳಿದಳು, "ಸ್ವಾತಿ ಡಬ್ಬಿ ತಗಂಡಿದ್ಲು ಅಕ್ಕಾ. ಅವತ್ತು ಹೇಳಕ್ಕಾಗ್ಲಿಲ್ಲ ನಂಗೆ."

"ಬಾ ಸುಕ್ಕೀ."

"ಸ್ವಾತಿ, ಅಕ್ಕಾ. ನಿನ್ನ ಮಗಳು. ಬಾಗ್ಲ ಹೊರಗೇ ನಿಂತವ್ಳೆ."

ಹೊರಗೆ ಜಡಿಮಳೆಯಲ್ಲಿ ನಿಂತಿದ್ದ ಸ್ವಾತಿ ಆಗಲೇ ಸೀನಿದಳು, ಒಂದಲ್ಲ, ಮೇಲಿಂದ ಮೇಲೆ. ಮಗಳು ಒಂದು ಸಲ ಸೀನಿದರೆ ಮೂರು ಸಾಲಿನಾಚೆಯಿಂದ "ತಲೆ ಒರೆಸ್ಕಳೇ" ಅಂತ ಕೂಗುತ್ತಿದ್ದವಳು ಜವರಮ್ಮ. ಎಲೆಯ ಆ ಬದಿಯ ಮುಖ ಬಾಗಿಲ ಕಡೆ ತಿರುಗಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ಅದು ಸುಕನ್ಯಾಳನ್ನೇ ನೋಡುತ್ತಿತ್ತು. "ಬಾ," ಅಂದಿತು.

ಸುಕನ್ಯಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ತಿಂಗಳು ಬಂದದ್ದರಲ್ಲಿ ಒಂದು ದಿನವಾದರೂ ಇದು ಸ್ವಾತಿಯ ಹೆಸರೆತ್ತಿತ್ತೇ? ಒಂದು ಸಲವೂ ಇಲ್ಲ. ಇದಕ್ಕೆ ಸ್ವಾತಿ ಯಾರೆಂದೇ ಗೊತ್ತಿಲ್ಲ. ಇದು ಅಕ್ಕ ಅಲ್ಲ. ತನ್ನ ಉರಿಯುವ ಮೈಯೇ ಅಕ್ಕನ ಅಂಗಿ ತೊಟ್ಟು ಬಂದು ಎದುರಿಗೆ ಕೂತಿದೆ. ಭಯಕ್ಕಿಂತ ಮೊದಲು ದುಃಖ ನುಗ್ಗಿತು, ಅಕ್ಕ ಅದೇ ಗಳಿಗೆಯಲ್ಲಿ ಎರಡನೇ ಸಲ ಸತ್ತಂಥ ದುಃಖ.

"ಸ್ವಾತೀ!" ಎಂದು ಕಿರುಚಿದಳು. "ಬಾಗ್ಲು ತೆಗಿಯೇ!"

ಕೆಮ್ಮಲೂ ಇಲ್ಲ, ಸದ್ದು ಮಾಡಲೂ ಇಲ್ಲ, ಸ್ವಾತಿ ಬಾಗಿಲು ನೂಕಿಕೊಂಡೇ ಬಂದಳು. ಹಿಂದೆ ತಮ್ಮಯ್ಯ. ಎಲೆಯ ಆ ಬದಿಯಲ್ಲಿ ನೆಲ ಬಿಟ್ಟರೆ ಏನೂ ಇರಲಿಲ್ಲ. ಕಡುಬು ಬಡಿಸಿದಂತೆಯೇ ಇತ್ತು. ಸ್ವಾತಿ ಅದನ್ನು ನೋಡಿ, ಚಿಕ್ಕಮ್ಮನನ್ನು ನೋಡಿ, ಸಣ್ಣ ಮಗುವಿನ ದನಿಯಲ್ಲಿ ಕೇಳಿದಳು, "ಅವ್ವ ಬಂದಿದ್ಲಾ?"

"ಇಲ್ಲ ಮಗ. ಯಾವತ್ತೂ ಬಂದಿಲ್ಲ. ನಿನ್ನ ಕೇಳ್ದೆ ಅವ್ಳು ಬರೋಳೇ ಅಲ್ಲ."

ಆಮೇಲೆ ಬಾಳೆದಿಂಡಿನ ವಿಷಯವನ್ನೂ ಹೇಳಿದಳು. ಸ್ವಾತಿಯ ಬಾಯಿಗೆ ಬಂದ ಬೈಗುಳವನ್ನೆಲ್ಲ ಇಲ್ಲಿ ಬರೆಯಲಾಗದು. ಅಳುತ್ತಾ ಬೈದಳು, ಬೈಯುತ್ತಾ ಡಾಕ್ಟರಿಗೆ ಫೋನು ಮಾಡಲು ದಿಬ್ಬ ಹತ್ತಿ ಇಳಿದು ಬಂದಳು. ನಾಳೆಯೇ ಕರೆದುಕೊಂಡು ಬಾ ಅಂದಿದ್ದರಂತೆ. ಒದ್ದೆ ತಲೆಯಲ್ಲಿ ಬಂದು, ಇನ್ನೂ ಏದುಸಿರು ಬಿಡುತ್ತಾ ಚಿಕ್ಕಮ್ಮನ ಪಕ್ಕ ಕುಸಿದು ಕೂತಳು.

"ಸ್ವಾತೀ," ಅಂದಳು ಸುಕನ್ಯಾ, "ಉಂಡ್ಯೇನೇ?"

ತಮ್ಮಯ್ಯ ಬೆಚ್ಚಿ ಬಾಗಿಲ ಕಡೆ ತಿರುಗಿದ. ಸ್ವಾತಿ ತಲೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. ದನಿ ಜವರಮ್ಮನದೇ ಆಗಿತ್ತು, ಆ ಎಳೆತ, ಕೊನೆಯಲ್ಲಿ ಆ ಸಣ್ಣ ಗದರಿಕೆ. ಆಡಿದವಳಿಗೂ ಅದು ಕೇಳಿಸಿತ್ತು. ಸ್ವಾತಿ ಎಡೆಯ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಕಡುಬು ಮುರಿದಳು.

ಆ ಸಲದ ಕೊಯ್ಲಿಗೆ ಸುಕನ್ಯಾಳ ಬೆರಳು ಮತ್ತೆ ಮಡಿಚಿ ಬಿಚ್ಚುವಂತಾಗಿದ್ದವು. ಜೋಡಿ ಬೇಡವೆಂದೇ ಹೇಳಿದಳು. ಉಮೇಶ ಒತ್ತಾಯಿಸಲಿಲ್ಲ. ಮೊದಲ ಗಿಡದ ಈ ಬದಿ ಮುಗಿಸಿ, ಒಂದು ಗಳಿಗೆ ನಿಂತು ಕಿವಿಗೊಟ್ಟಳು. ಏನೂ ಇರಲಿಲ್ಲ. ಚೀಲ ಎತ್ತಿಕೊಂಡು ಗಿಡ ಸುತ್ತಿ ಆ ಬದಿಗೆ ಹೋದಳು.

ಇಷ್ಟು ವರ್ಷ ಅಕ್ಕ ನಿಂತ ಜಾಗ. ಅಲ್ಲಿಂದ ನೋಡಿದರೆ ಎಲೆಗಳ ಸಂದಿಯಲ್ಲಿ ಈ ಬದಿ ಕಾಣುತ್ತಿತ್ತು, ತಾನು ದಿನವೂ ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೂ ಇರಲಿಲ್ಲ. ಎತ್ತರದ ಒಂದು ರೆಕ್ಕೆಯಲ್ಲಿ ಒಂದು ಗೊಂಚಲು ಕೊಯ್ಯದೆ ಉಳಿದಿತ್ತು. ತಾನು ನಿಲ್ಲುತ್ತಿದ್ದ ಬದಿಯಿಂದ ಅವಳಿಗೆ ಅದು ಎಂದೂ ಎಟುಕಿರಲಿಲ್ಲ. ಸುಕನ್ಯಾ ರೆಕ್ಕೆಯನ್ನು ಬಗ್ಗಿಸಿ, ಯಾರೋ ಕೊಯ್ಯಲಿ ಅನ್ನುವ ಹಾಗೆ, ತನ್ನ ಹಳೆಯ ಜಾಗದ ಕಡೆಗೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ಕೊಯ್ದು ಚೀಲಕ್ಕೆ ಹಾಕಿದಳು.